ಒಂದಗುಳು ಸಾಲದು

ಮೂವತ್ತೊಂದು ವರ್ಷ ಡುಲೂತ್ ಬಂದರಿನಲ್ಲಿ
ನಾನು ಗೋಧಿಗೆ ದರ್ಜೆ ಕೊಟ್ಟವಳು.
ವ್ಯಾಗನ್ನಿನ ನೆತ್ತಿ ಹತ್ತಿ, ನನ್ನೆತ್ತರದ ಹಿತ್ತಾಳೆ ಕೊಳವೆಯನ್ನು
ತಳ ಮುಟ್ಟುವ ತನಕ ಇಳಿಸಿ, ತಿರುಗಿಸಿ, ಎಳೆದು,
ಬೊಗಸೆಗೆ ಸುರಿದುಕೊಂಡು ಮೊದಲು ಮೂಸುತ್ತಿದ್ದೆ.
ಕಣ್ಣು ಆಮೇಲೆ. ಕಣ್ಣಿಗೆ ಮಣ್ಣೆರಚುವುದು ಸುಲಭ.

ಈಗ ಎರಡನೇ ಮಹಡಿ, ಕೋಣೆ ಇನ್ನೂರ ಹದಿನಾಲ್ಕು.
ಕಿಟಕಿಯ ಕೆಳತುದಿಯಲ್ಲಿ ಒಂದು ಗೇಣು ಸರೋವರ.
ಮುರಿದ ಸೊಂಟ. ನೆಟ್ಟಗೆ ನುಂಗಲಾರದ ಗಂಟಲು.
ನೀರನ್ನೂ ಇಲ್ಲಿ ಗಂಜಿ ಮಾಡಿ ಚಮಚದಲ್ಲಿ ಕುಡಿಸುತ್ತಾರೆ.
ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುತ್ತಾರೆ,
ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬಿನ ಮೇಲೆ ತೇಲಿಸುತ್ತಾರೆ.
ಕಾಳೂ ಹಾಗೆಯೇ: ತಿರುವಿ ಹಾಕದಿದ್ದರೆ
ಒಳಗೊಳಗೇ ಬಿಸಿಯಾಗಿ ಮುಗ್ಗುತ್ತದೆ.

ಹಳೇ ಚಾಳಿ. ಎಲ್ಲರಿಗೂ ದರ್ಜೆ ಕೊಡುತ್ತೇನೆ, ಬಾಯಿ ಬಿಡದೆ.
ಹಗಲಿನ ಡೆರಿಲ್: ಎರಡನೆಯದು. ಚುರುಕು,
ಆದರೆ ನನ್ನ ತಲೆಯ ಮೇಲಿಂದ ಟೀವಿಯೊಡನೆ ಮಾತು.
ನಡೆಸುವ ಹುಡುಗಿ: ಒಂದನೆಯದು.
'ಇನ್ನೊಂದೇ ಹೆಜ್ಜೆ' ಎಂದು ಸುಳ್ಳು ಹೇಳಿ ನಾಲ್ಕು ಹಾಕಿಸುತ್ತಾಳೆ.
ಭಾನುವಾರದ ಸೂಪು ದರ್ಜೆಗೆ ಹೊರಗಿನದು, ಹಂದಿಗೆ ಹೋಗುವಂಥದು.
ರಾತ್ರಿಯ ಕೆಬ್ಬೆ ಫ್ಲೋಮೊ, ಲೈಬೀರಿಯಾದವಳು,
ನನ್ನ ಮೈ ಮುಟ್ಟುವ ಮುಂಚೆ
ಕಂಕುಳಲ್ಲಿ ಕೈಯಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾಳೆ.
ಅದಕ್ಕೆ ನಮ್ಮ ಪಟ್ಟಿಯಲ್ಲಿ ದರ್ಜೆ ಇರಲಿಲ್ಲ.

ಮಂಗಳವಾರ ತಪಾಸಣೆಯವಳು ಬಂದಳು, ಹೇಳದೆ ಕೇಳದೆ.
ಹೇಳದಿದ್ದರೂ ಇವರಿಗೆ ಗೊತ್ತಾಗುತ್ತದೆ:
ನೆಲಕ್ಕೆಲ್ಲ ನಿಂಬೆ ವಾಸನೆ,
ಕಾರಿಡಾರಿನಲ್ಲಿ ನಾನೆಂದೂ ಕಾಣದ ಮೂವರು ದಾದಿಯರು,
ಮ್ಯಾನೇಜರ್ ನನ್ನ ಹೆಸರು ಹಿಡಿದು ಕರೆದ!
ಮೇಲ್ಪದರಕ್ಕೆ ಮಾತ್ರ ಒಳ್ಳೆ ಗೋಧಿ ಹರಡಿ ತರುವವರು
ನನಗೇನು ಹೊಸಬರೇ?

ಅವಳು ನಲ್ಲಿಯ ನೀರಿಗೆ ಥರ್ಮಾಮೀಟರ್ ಹಿಡಿದಳು,
ಔಷಧಿ ಗಾಡಿಯ ಬೀಗ ಜಗ್ಗಿದಳು,
ನನ್ನ ಬೆನ್ನ ಕೆಳಗೆ ಟಾರ್ಚ್ ಬಿಟ್ಟಳು. ಹುಣ್ಣಿಲ್ಲ.
ಆಮೇಲೆ ಕುರ್ಚಿ ಎಳೆದು ನನ್ನ ಕಣ್ಣಿನ ಮಟ್ಟಕ್ಕೆ ಕೂತು:
'ಗುಂಡಿ ಒತ್ತಿದರೆ ಎಷ್ಟು ಹೊತ್ತಿಗೆ ಬರುತ್ತಾರೆ?'

ಕೆಬ್ಬೆ ಒಮ್ಮೆ ತನ್ನಮ್ಮನ ಅಡಿಗೆಯ ಮಾತು ಹೇಳಿದ್ದಳು.
ಗಡಿಗೆಯಿಂದ ಒಂದಗುಳು ತೆಗೆದು ಹಿಸುಕಿದರೆ ಸಾಕಂತೆ.
ಗಡಿಗೆಗೆ ಸಾಕು, ಮಗಳೇ. ಅಲ್ಲಿ ಒಂದೇ ಬೆಂಕಿ, ಒಂದೇ ನೀರು.
ವ್ಯಾಗನ್ನಿಗೆ ಸಾಲದು.

ಗುರುವಾರ ರಾತ್ರಿ ನಲವತ್ತು ನಿಮಿಷ.
ಗೋಡೆ ಗಡಿಯಾರ ನನ್ನೆದುರಿಗೇ ಇದೆ.
ಒದ್ದೆ ಮೊದಲು ಬೆಚ್ಚಗಿತ್ತು, ಆಮೇಲೆ ತಣ್ಣಗಾಯಿತು, ಆಮೇಲೆ ಉರಿಯಿತು.
ಕೊನೆಗೆ ಓಡಿಬಂದವಳು ಕೆಬ್ಬೆಯೇ.
ಏದುಸಿರಿನಲ್ಲಿ 'ಕ್ಷಮಿಸಿ ಮಿಸ್ ಲೆಂಪಿ' ಅರ್ಧವೇ ಬಂತು.
ಹೇಳಿದರೆ ಅವಳ ಹೆಸರು ಕಡತಕ್ಕೆ ಹೋದೀತು.
ಹೇಳದಿದ್ದರೆ
ನಾನೂ ಮೇಲ್ಪದರದ ಗೋಧಿ.

'ನಲವತ್ತು ನಿಮಿಷ' ಎಂದೆ.
ಬೆರಳು ಟ್ಯಾಬ್ಲೆಟ್ಟಿನತ್ತ ಹೋಯಿತು.
'ನಿಲ್ಲು. ಬರೆದರೆ ಪೂರ್ತಿ ಬರಿ.
ಆ ರಾತ್ರಿ ಇಪ್ಪತ್ತೆರಡು ಹಾಸಿಗೆಗೆ ಒಬ್ಬಳು. ಒಬ್ಬಳೇ.
ರಜೆ ಹಾಕಿದವರ ಬದಲಿಗೆ ಯಾರನ್ನೂ ಕರೆಸಲಿಲ್ಲ.
ಕಾಳು ಮುಗ್ಗಿದರೆ ಸಲಿಕೆಯನ್ನು ಬೈಯುವ ಪದ್ಧತಿ
ನಮ್ಮ ಕಸುಬಿನಲ್ಲಿಲ್ಲ.'
ಬರೆದಳೋ ಇಲ್ಲವೋ, ಕನ್ನಡಕವಿಲ್ಲದೆ ಕಾಣಲಿಲ್ಲ.

ಈ ರಾತ್ರಿ, ಎರಡು ಗಂಟೆ. ಆ ಮೂವರು ದಾದಿಯರ ಪತ್ತೆಯಿಲ್ಲ.
ಕೆಬ್ಬೆ ಬಂದಳು. ಯಾಕೆ ಹೇಳಿದಿರಿ ಎಂದು ಕೇಳಬಹುದಿತ್ತು, ಕೇಳಲಿಲ್ಲ.
ಕಂಕುಳಲ್ಲಿ ಕೈಯಿಟ್ಟುಕೊಂಡು ನಿಂತಳು,
ಎಂದಿಗಿಂತ ತುಸು ಹೆಚ್ಚು ಹೊತ್ತು.
ಆಚೆ ಯಾವುದೋ ಕೋಣೆಯ ಗಂಟೆ ಬಡಿಯಿತು. ಇನ್ನೊಂದು.
'ಹೋಗು' ಎಂದೆ.
'ಮೊದಲು ಈ ಮಗ್ಗುಲು' ಎಂದಳು.