ಇಪ್ಪತ್ತೊಂದು, ಮೂವತ್ತೈದು

ಸ್ಟ್ರಾಮ್ನೆಸ್ಸಿನ ದೋಣಿಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ
ಪೆನ್ಸಿಲು ಕಚ್ಚಿಕೊಂಡು ಕೂತಿದ್ದೇನೆ.
ರಾತ್ರಿ ಹತ್ತಾದರೂ ಜೂನಿನ ಬೆಳಕು ಹೋಗಲೊಲ್ಲದು,
ಸಾಲ ಕೇಳಲು ಬಂದವನಂತೆ ಬಾಗಿಲಲ್ಲೇ ನಿಂತಿದೆ.

ಡೆಟ್ಲೆಫ್ ಬಿಟ್ಟುಹೋದ ಚೀಟಿ:
ನಲವತ್ತೈದು ಮೀಟರು. ಇಪ್ಪತ್ತೊಂದು, ಮೂವತ್ತೈದು.
ಇನ್ನೂರು ಬಾರ್. ಬೆಳಿಗ್ಗೆ ಏಳಕ್ಕೆ.
ಬ್ರೆಡ್ಡಿಗೆ ಹೇಳಿಹೋದಷ್ಟು ಸಲೀಸು.

ಮೊದಲು ಹೀಲಿಯಂ. ಇನ್ನೂರರಲ್ಲಿ ಅದರ ಪಾಲು ಎಪ್ಪತ್ತು.
ಉಳಿದ ನೂರ ಮೂವತ್ತರಲ್ಲಿ
ಶುದ್ಧ ಆಮ್ಲಜನಕ ಎಷ್ಟು, ಬರೀ ಗಾಳಿ ಎಷ್ಟು?
ಗಾಳಿ ಬರಿಗೈಲಿ ಬರುವ ಪೈಕಿಯಲ್ಲ,
ತವರಿಂದ ಮರಳಿದವಳ ಹಾಗೆ
ತನ್ನ ಪಾಲಿನದನ್ನು ಮಡಿಲಲ್ಲಿ ಕಟ್ಟಿಕೊಂಡೇ ಬರುತ್ತದೆ.
ಅದನ್ನು ಕಳೆ. ಭಾಗಿಸು.
ಹದಿನೆಂಟೂವರೆ, ಮೇಲೊಂದು ಕೂದಲೆಳೆ.

ನಮ್ಮಮ್ಮ ಅರವತ್ತು ವರ್ಷ ಮೀನಿನ ಸೂಪಿಗೆ
ಕಣ್ಣಳತೆಯಲ್ಲೇ ಉಪ್ಪು ಹಾಕಿದಳು;
ಹೆಚ್ಚಾಯಿತೋ, ಒಂದು ಆಲೂಗಡ್ಡೆ.
ಇಲ್ಲಿ ಆಲೂಗಡ್ಡೆ ಇಲ್ಲ.

ಸಾರಜನಕ: ಹೆಸರಲ್ಲೇನೋ ಸಾರವಿದೆ,
ಆಳಕ್ಕಿಳಿದರೆ ಬರೀ ಹೆಂಡ.
ಮುಳುಗಿದ ಯುದ್ಧನೌಕೆಯ ತೋಪಿನ ಮುಂದೆ
ಕೈ ಚಾಚಿ ನಗುತ್ತ ನಿಂತುಬಿಡುತ್ತಾರೆ ಬುದ್ಧಿವಂತರೂ.
ಅದಕ್ಕೇ ಹೀಲಿಯಂ. ದುಬಾರಿ, ಹಗುರ,
ಗಂಟಲನ್ನು ಬಾತುಕೋಳಿ ಮಾಡುತ್ತದೆ, ತಲೆಯನ್ನು ಮಾಡುವುದಿಲ್ಲ.
ಇನ್ನು ಆಮ್ಲಜನಕ.
ಅತಿಯಾದರೆ ಅಮೃತವೂ ವಿಷ, ಸರಿ,
ಯಾವ ಮೀಟರಿನಲ್ಲಿ ಎಂಬುದಕ್ಕೆ ಗಾದೆ ಸಾಲದು,
ಭಾಗಾಕಾರ ಬೇಕು.

ಗೋಡೆ ತುಂಬ ಎಡ್ವಿನ್ ಲಿಂಕ್ಲೇಟರನ ಹಳೆಯ ಲೆಕ್ಕಗಳು.
ಈ ಶೆಡ್ಡು ಅವನದು, ಈ ಸ್ಟೂಲೂ.
ನಡುವೆ ಒಂದಕ್ಕೆ ಸುತ್ತು ಹಾಕಿದ್ದಾನೆ:
ಮೂರು ಬರೆಯಬೇಕಾದಲ್ಲಿ ಎಂಟು.
ಪಕ್ಕದಲ್ಲಿ ತಾರೀಖಿದೆ, ಹೆಸರಿಲ್ಲ.
ಎರಡು ಸಲ ಸುಣ್ಣ ಹೊಡೆಸಿದೆ,
ಅಷ್ಟಗಲ ಮಾತ್ರ ಬಿಟ್ಟು.

ಬೆಳಿಗ್ಗೆ ಏಳು. ಮೀಟರಿಗೆ ನಳಿಕೆ ಹಿಡಿದರೆ
ಇಪ್ಪತ್ತನಾಲ್ಕು.

ಡೆಟ್ಲೆಫ್ ಬಗ್ಗಿ ನೋಡಿದ. ಬಾಯಿಲೆಕ್ಕದಲ್ಲಿ ಗಟ್ಟಿಗ.
'ಐದೂವರೆ ಪಟ್ಟು ಒತ್ತಡ, ಒಂದು ಬಿಂದು ಮೂರು ಎರಡು.
ಒಂದು ಬಿಂದು ನಾಲ್ಕರ ಒಳಗೇ ಇದೆಯಲ್ಲ ಥೋರಾ,
ಕೊಡು, ದೋಣಿ ಹೊರಡುತ್ತಿದೆ.'
ಅವನ ಲೆಕ್ಕ ಸರಿ. ಒಂದಂಕಿಯೂ ತಪ್ಪಿಲ್ಲ.
ಇಪ್ಪತ್ತನಾಲ್ಕು ಅಪಾಯವಲ್ಲ, ನನಗೂ ಗೊತ್ತು.
ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ.
ನನಗೇ ಗೊತ್ತಿರದ ಉಸಿರನ್ನು
ಹೇಗೆ ಅಳೆದು ಕೊಡಲಿ?

ದೋಣಿ ಹೋಯಿತು. ಜರ್ಮನ್ನಿನಲ್ಲಿ ಏನೋ ಅಂದ,
ಅರ್ಥ ಕೇಳಲಿಲ್ಲ.

ಆಮೇಲೆ ನೆನಪಾಯಿತು:
ರಾತ್ರಿ ತುಂಬಿಸಿ, ಕಣ್ಣು ಎಳೆದು,
ನಿಂತ ಸಿಲಿಂಡರನ್ನು ನಿಂತಂತೆಯೇ ಬಿಟ್ಟು ಮಲಗಿದ್ದೆ.
ಒಂದೇ ಮನೆಯಲ್ಲಿ ಮುಖ ತಿರುಗಿಸಿದ ಅಣ್ಣತಮ್ಮಂದಿರಂತೆ
ಒಳಗೆ ಮೂರೂ ತಮ್ಮ ತಮ್ಮ ಅಟ್ಟದಲ್ಲಿ.
ಮಲಗಿಸಿದೆ. ಸ್ಟೂಲಿನ ಮೇಲೆ ಕೂತು
ಪಾದದಿಂದ ಅತ್ತ ತಳ್ಳಿ ಇತ್ತ ಎಳೆದೆ,
ತೊಟ್ಟಿಲು ತೂಗುವವಳ ಹಾಗೆ, ಜೋಗುಳವಿಲ್ಲದೆ,
ರೇಡಿಯೋದಲ್ಲಿ ಹವಾಮಾನ ಮುಗಿದು ಕುರಿಸಂತೆಯ ಧಾರಣೆ ಮುಗಿಯುವವರೆಗೆ.
ಎರಡು ಗಂಟೆ ಬಿಟ್ಟು ಮತ್ತೆ ಹಿಡಿದೆ.
ಇಪ್ಪತ್ತೊಂದು ಬಿಂದು ಒಂದು.

ಸಂಜೆ ಒದ್ದೆ ಟೊಪ್ಪಿಗೆಯ ಡೆಟ್ಲೆಫ್ ಬಂದ.
ಮಾತಿಲ್ಲ. ತಾನೇ ನಳಿಕೆ ಹಿಡಿದ,
ಅಂಕಿ ನಿಲ್ಲುವವರೆಗೆ ಕಾದ, ಪಟ್ಟಿಯ ಮೇಲೆ ಬರೆದ,
ಸಹಿ ಹಾಕಿದ.
ಅದೇ ಅಂಕಿ ನನ್ನ ಅಂಗೈಯಲ್ಲೂ ಇತ್ತು, ಪೆನ್ಸಿಲಿನಲ್ಲಿ.
ಮುಷ್ಟಿ ಬಿಚ್ಚಲಿಲ್ಲ.

'ಒಂದು ದಿನ ಹಾಳಾಯಿತು, ಏನಾದರೂ ಕಡಿಮೆ ಮಾಡು' ಅಂದ.
ಹೀಲಿಯಂ ದುಡ್ಡು ಪೂರ್ತಿ ತಗೊಂಡೆ, ಬೆರೆಸಿದ ಕೂಲಿಯೂ.
ಉರುಳಿಸಿದ್ದಕ್ಕೆ ಏನೂ ಹಾಕಲಿಲ್ಲ.