ಮಾಡಿನ ಮೇಲೆ ನಾಲ್ವರು

ನಮ್ಮೂರ ನಗರಸಭೆಯ ಗೋಡೆಯ ಮೇಲೊಂದು ದೀಪವಿದೆ,
ಹಸಿರು, ಹಳದಿ, ಕೆಂಪು.
ವಾಹನಗಳಿಗಲ್ಲ, ಬೆಟ್ಟಕ್ಕೆ.
ತಿಂಗಳಿಗೊಮ್ಮೆ ಏಣಿ ಹಾಕಿ ಅದರ ಗಾಜು ಒರೆಸುವುದು
ನನ್ನ ಸಂಬಳದ ಕೆಲಸಗಳಲ್ಲೊಂದು.
ನಿನ್ನೆ ಒರೆಸಿದೆ. ಹಸಿರೇ ಇತ್ತು.
ಆದರೂ ಇನ್ನೊಮ್ಮೆ ಒರೆಸಿ ನೋಡಿದೆ.

ಸೆಪ್ಟೆಂಬರ್. ಬೆಳಗಿನ ಜಾವ ನಾಲ್ಕು.
ಕೆಳಗೆ ಸರೋವರದ ದಂಡೆಯಲ್ಲಿ ಆರೋಮೋ ಮರ
ಹಳದಿ ಹೂ ಬಿಟ್ಟು ವಾರವಾಯಿತು;
ಇಲ್ಲಿ ಓನೋಫ್ರೆಯ ಉಸಿರು ಅವನ ಗಡ್ಡಕ್ಕೇ ಅಂಟಿ
ಗಾಜಾಗುತ್ತಿದೆ.
ರೊಸಮೆಲ್ ತೊಟ್ಟಿದ್ದು ಅಣ್ಣನ ಬೂಟು, ಎರಡು ಅಳತೆ ದೊಡ್ಡದು,
ತುದಿಗೆ ಹಳೇ ಪತ್ರಿಕೆ ತುರುಕಿದ್ದಾನೆ:
"ಹೋದ ಸಲದ ಚುನಾವಣೆ ತುಳಿದುಕೊಂಡೇ ಹತ್ತುತ್ತೇನೆ."
ಇಸ್ಮೇನಿಯಾ ನಗುವುದಿಲ್ಲ. ಎಣಿಸುತ್ತಾಳೆ.
ನೂರು ಹೆಜ್ಜೆ, ನಿಲ್ಲು. ನೂರು ಹೆಜ್ಜೆ, ನಿಲ್ಲು.
ಶಾಲಾಮಕ್ಕಳ ಹಲ್ಲು ದಿನವಿಡೀ ಎಣಿಸುವವಳು.

ಮುರಿದ ತೂಗುಕುರ್ಚಿಗಳ ಕಂಬ ದಾಟಿದೆವು.
ಹಿಮವಿನ್ನೂ ಗಟ್ಟಿ; ಬೂಟಿನಡಿಯ ಉಕ್ಕಿನ ಮುಳ್ಳು
ಕಟುಂ ಕಟುಂ ಎಂದು ಕಡಿಯುತ್ತಿದೆ,
ಕಲ್ಲುಸಕ್ಕರೆ ಕದ್ದ ಮಗುವಿನ ಹಾಗೆ.

ರೊಸಮೆಲ್‌ನ ಅಜ್ಜಿ ಇದನ್ನು ಬೆಟ್ಟ ಅನ್ನುವುದಿಲ್ಲ.
ರುಕಾ, ಅನ್ನುತ್ತಾಳೆ. ಮನೆ.
ಪಿಲ್ಯಾನ್ ಇರುವ ಮನೆ.
"ಮಾಡು ಹತ್ತುವವರು ಮೊದಲು ಬಾಗಿಲು ತಟ್ಟಬೇಕು"
ಎಂದು ಹುರಿದ ಗೋಧಿಹಿಟ್ಟು ಒಂದು ಹಿಡಿ ಕಟ್ಟಿಕೊಟ್ಟಿದ್ದಳು.
ಬಾಗಿಲೆಲ್ಲಿ ಅಂತ ಹೇಳಿರಲಿಲ್ಲ.
ಮರಗಳು ಮುಗಿದಲ್ಲೇ ಇರಬೇಕು ಎಂದುಕೊಂಡು
ಟೋಪಿ ತೆಗೆದು ಅಲ್ಲೇ ಚೆಲ್ಲಿದ್ದ ರೊಸಮೆಲ್.
ನಾವು ಮೂವರು ಎತ್ತಲೋ ನೋಡುತ್ತಾ ನಿಂತಿದ್ದೆವು,
ಬೇರೆಯವರ ಮನೆಗೆ ಪೂಜೆಯ ಹೊತ್ತಿಗೆ ಹೋಗಿಬಿಟ್ಟವರಂತೆ.

ಸೂರ್ಯ ಹುಟ್ಟಿದ್ದು ತಿಳಿದದ್ದು ನೆರಳಿನಿಂದ:
ಪಡುವಣದ ಕಾಡಿನ ಮೇಲೆ ನೀಲಿಯ ತ್ರಿಕೋನ.
ಅದರಲ್ಲಿ ನಾವೂ ಇದ್ದೇವೆ,
ಹುಡುಕಿದರೆ ಸಿಗದಷ್ಟು.

ಎಂಬತ್ತೇಳಕ್ಕೇ ನಿಂತುಬಿಟ್ಟಳು ಇಸ್ಮೇನಿಯಾ.
"ಇನ್ನು ನಾನಿಲ್ಲ."
ಮೊಣಕಾಲಾ? ಅಲ್ಲ. ತಲೆಸುತ್ತಾ? ಅಲ್ಲ.
ಆ ವರ್ಷ, ಆ ರಾತ್ರಿ, ಬೆಂಕಿ ಮೇಲೆದ್ದಾಗ
ತಂಗಿಯನ್ನು ಕಂಬಳಿಯಲ್ಲಿ ಸುತ್ತಿ
ಬರಿಗಾಲಲ್ಲಿ ಸೇತುವೆ ದಾಟಿದವಳು ಅವಳು.
ಯಾರೂ ಬಾಯಿಬಿಡಲಿಲ್ಲ.
ಓನೋಫ್ರೆ ಗುದ್ದಲಿಯಿಂದ ಹಿಮ ಕಡಿದು ಜಗಲಿ ಮಾಡಿದ,
ಇಬ್ಬರಿಗೆ ಸಾಲುವಷ್ಟು.
ನಾನು ಕೂತೆ.

ಅವರಿಬ್ಬರು ಮೇಲೆ ಮೇಲೆ ಚುಕ್ಕಿಯಾದರು.
ನಾವು ಫ್ಲಾಸ್ಕಿನ ಚಹಾ ಕುಡಿದೆವು,
ಬೂದಿಯಲ್ಲಿ ಸುಟ್ಟ ರೊಟ್ಟಿ ಮುರಿದೆವು.
ಕೈಗವಸು ಕಳಚಿ ಹಿಮಕ್ಕೆ ಅಂಗೈಯೂರಿ ಅವಳೆಂದಳು:
"ಒಳಗೆ ಯಾರೋ ಪಾತ್ರೆ ಸರಿಸುತ್ತಿದ್ದಾರೆ."
ನನಗೇನೂ ಕೇಳಲಿಲ್ಲ.
ಅಥವಾ ನನ್ನದೇ ರಕ್ತ.

ಇಳಿದು ಬಂದವರ ಬಟ್ಟೆ ತುಂಬ ಕಡ್ಡಿಪೆಟ್ಟಿಗೆಯ ವಾಸನೆ.
"ಹೊಗೆಗಂಡಿಯಲ್ಲಿ ಇಣುಕಿದೆವು. ಒಲೆ ಉರಿಯುತ್ತಿದೆ,
ಕೆಂಪು ಕಂಡೆ," ಎಂದ ಓನೋಫ್ರೆ.
"ಬರೀ ಹೊಗೆ," ಎಂದ ರೊಸಮೆಲ್.
ಈಗಲೂ ಸೇರಿದಾಗಲೆಲ್ಲ ಅದೇ ಜಗಳ.

ಹಿಮ ಮೆತ್ತಗಾಗಿತ್ತು. ಕುಂಡೆಯೂರಿ ಜಾರಿದೆವು.
ಐದು ತಾಸು ಹತ್ತಿದ್ದು ಅರ್ಧ ತಾಸಿಗೆ ಖರ್ಚು.
ಮೊದಲ ಜಾರಿಗೆ ಚೀರಿದವಳು ಇಸ್ಮೇನಿಯಾ,
ಎರಡನೆಯದಕ್ಕೆ ನಕ್ಕಳು,
ಮೂರನೆಯದಕ್ಕೆ ನಮ್ಮೆಲ್ಲರಿಗಿಂತ ಮುಂದೆ;
ಎಣಿಸುವುದನ್ನು ಯಾವಾಗ ಬಿಟ್ಟಳೋ.

ಸಂಜೆ, ಒದ್ದೆ ಚಡ್ಡಿಯಲ್ಲೇ, ನಗರಸಭೆ ದಾಟುವಾಗ ತಲೆಯೆತ್ತಿದೆ.
ಹಸಿರು.
ಗಾಜಿನ ಬಲಮೂಲೆಯಲ್ಲಿ ನನ್ನ ಹೆಬ್ಬೆರಳ ಗುರುತೊಂದು
ಹಾಗೇ ಉಳಿದಿತ್ತು.