ಚಕ್ಕುಬಂದಿ

ಶಿಡ್ಲಘಟ್ಟದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಇಪ್ಪತ್ತಾರು ವರ್ಷದಿಂದ ನನ್ನದೊಂದು ಮೇಜು.
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಮೋರಿ:
ಹೀಗೆ ಬರೆದೂ ಬರೆದೂ
ಅರ್ಧ ಊರು ನನ್ನ ಕೈಬರಹದಲ್ಲಿದೆ.
ನಾನಿರುವುದು ಬಾಡಿಗೆಗೆ. ಆ ಮಾತು ಬಿಡಿ.

ಮೊನ್ನೆ ಸೊಣ್ಣಪ್ಪಶೆಟ್ಟರ ವಠಾರದ ಕ್ರಯ.
ಐದು ಮನೆ, ಒಂದು ನಲ್ಲಿ, ಒಂದೇ ಕಕ್ಕಸು.
ಕೊಳ್ಳುವವನು ಕಾರಿನ ಗಾಜಿಳಿಸಿ ಕೇಳಿದ:
"ಖಾಲಿ ಸ್ವಾಧೀನ ಅಂತ ಬರೆದಿದ್ದೀರಿ ತಾನೆ?"
ಬರೆದಿದ್ದೆ.
ಖಾಲಿಯಾಗಬೇಕಾದವರಲ್ಲಿ ಒಬ್ಬಳು, ಶಂಶಾದ್ ಬೀ,
ಸಾಕ್ಷಿ ಹಾಕಲು ಬಂದು
ಬೆಂಚಿನ ತುದಿಯಲ್ಲಿ ಕೂತಿದ್ದಳು.

ಯಂತ್ರ ಅವಳ ಹೆಬ್ಬೆಟ್ಟು ಒಪ್ಪಲಿಲ್ಲ.
ಸೆರಗಿಗೆ ಒರೆಸಿ ಒತ್ತಿದಳು, ಊದಿ ಒತ್ತಿದಳು.
ಹತ್ತನೇ ವಯಸ್ಸಿನಿಂದ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು;
ಗೆರೆಗಳೆಲ್ಲ ಎಂದೋ ನೂಲಾಗಿ ಹೋಗಿವೆ.
ಕಡೆಗೆ ಕಿರುಬೆರಳು ನಡೆಯಿತು.

ಕೌಂಟರಿನ ಹುಡುಗ ಲೆಕ್ಕ ಓದಿದ:
ಮುದ್ರಾಂಕ ಇಷ್ಟು, ನೋಂದಣಿ ಇಷ್ಟು,
ಸೆಸ್ಸು, ಸರ್‌ಚಾರ್ಜು.
ಅವಳು ಕಿವಿಗೊಟ್ಟು ಕೇಳಿ ನನ್ನ ಮೇಜಿಗೆ ಬಂದಳು.

"ಅಣ್ಣಾ, ಗೂಡಿನ ಮಾರ್ಕೆಟ್ಟಲ್ಲೂ ಹಿಡೀತಾರೆ,
ಕೊಂಡೋರತ್ರ ಒಂದಿಷ್ಟು, ಮಾರಿದೋರತ್ರ ಒಂದಿಷ್ಟು.
ಅದ್ರಲ್ಲಿ ಮೇಲಕ್ಕೆ ಶೀಟು ಹಾಕ್ಸಿದ್ರು,
ನೀರಿನ ತೊಟ್ಟಿ ಕಟ್ಸಿದ್ರು, ಕಣ್ಣಿಗೆ ಕಾಣ್ತದೆ.
ಹುಳದ ಗೂಡಿಗೆ ಈ ನ್ಯಾಯ.
ನಮ್ಮ ಗೂಡು ಮಾರಿ ಇಲ್ಲಿ ಹಿಡಿಯೋ ದುಡ್ಡಲ್ಲಿ
ಯಾರ ತಲೆ ಮೇಲೆ ಶೀಟು ಹಾಕ್ತಾರೆ?"

ಖಜಾನೆಗೆ ಹೋಗ್ತದಮ್ಮಾ, ಎಂದೆ.
"ಅದು ಯಾವ ಬೀದೀಲಿದೆ?"
ತಮಾಷೆಗೋ, ನಿಜಕ್ಕೂ ಕೇಳಿದಳೋ, ತಿಳಿಯಲಿಲ್ಲ.
"ನೂರಕ್ಕೆ ಎಂಟಾಣೆ ಈ ಊರಲ್ಲೇ ಉಳೀಲಿ.
ಇವತ್ತಿನ ಕ್ರಯಕ್ಕೆ ಒಂದು ಬಾಗಿಲು, ನಾಳೇದಕ್ಕೆ ಕಿಟಕಿ.
ಹತ್ತು ಲೇಔಟು ಮಾರೋ ಹೊತ್ತಿಗೆ
ನಮ್ದೂ ಒಂದು ಸಾಲು ಏಳಲ್ವಾ?"

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

ಸಂಜೆ, ಅಂಗಡಿ ಮುಚ್ಚುವ ಮುಂಚೆ,
ಛಾಪಾ ಇಲ್ಲದ ಬಿಳಿ ಹಾಳೆಯಲ್ಲಿ
ಎಲ್ಲೂ ಇಲ್ಲದ ಸ್ವತ್ತಿಗೆ ಚಕ್ಕುಬಂದಿ ಬರೆಯುತ್ತ ಕೂತೆ.
ಪೂರ್ವಕ್ಕೆ: ಮಾರಾಟವಾದ ವಠಾರ.
ಪಶ್ಚಿಮಕ್ಕೆ: ಮಾರಾಟಕ್ಕಿರುವ ಹಿಪ್ಪುನೇರಳೆ ತೋಟ.
ಉತ್ತರಕ್ಕೆ: ರಸ್ತೆ, ಆಗಬೇಕಾದ್ದು.
ದಕ್ಷಿಣಕ್ಕೆ
(ಇಲ್ಲಿ ಕೈ ತಡೆಯಿತು)
ಈ ಪತ್ರ ಬರೆದವನ ಮನೆ.

ಅಳತೆಯ ಜಾಗ ಖಾಲಿ ಬಿಟ್ಟಿದ್ದೇನೆ.
ನಾಳೆ ಶಂಶಾದ್ ಬೀ ಈ ಕಡೆ ಬಂದರೆ ಕೇಳಬೇಕು,
ನೀರು ಕಾಯಿಸುವ ಒಲೆ
ಒಳಗಿರಲೋ, ಹೊರಗೋ.